ಧ್ರುವಪ್ರಭೆಗೊಂದು ತಾಲೀಮು

ಭೂಮಿಯ ನೆತ್ತಿಗೇ ಹೋಗಿ ಬರುತ್ತೇನೆಂಬ ಮಹಾಸಂಕಲ್ಪವನ್ನು ನಾನು ಘೋಷಿಸಿದ್ದು ಪ್ರಾರ್ಥನಾ ಮಂದಿರದ ವೇದಿಕೆಯಿಂದ. ಜೊತೆಯಲ್ಲಿ ಬರಬೇಕಾದ ನನ್ನ ಹೆಂಡತಿಗೆ ಆ ಸುದ್ದಿ ತಿಳಿದದ್ದೂ ಅಲ್ಲಿಯೇ, ಸಭಿಕರ ನಡುವೆ ಕುಳಿತು. ವಾರವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿ, ರಜೆಯ ದಿನ ಪ್ರವಚನ ಮಾಡುವ ಮನುಷ್ಯ ನಾನು. ಮನೆಯ ಮಾತನ್ನು ಮೊದಲು ಮನೆಯಲ್ಲಿ ಆಡಬೇಕೆಂಬ ಸಣ್ಣ ಶಾಸ್ತ್ರ ನನಗೆ ಸಕಾಲದಲ್ಲಿ ನೆನಪಾದದ್ದೇ ಇಲ್ಲ.

ಸಂಕಲ್ಪಕ್ಕೆ ಕಾರಣ ಅವಳ ಕಣ್ಣು. ದೃಷ್ಟಿ ನಿಧಾನವಾಗಿ ಹೋಗುತ್ತಿದೆ, ಮರಳಿ ತರುವ ಔಷಧವಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಮದುವೆಯಾದ ಹೊಸದರಲ್ಲಿ ಅವಳು ಯಾವುದೋ ಕ್ಯಾಲೆಂಡರಿನ ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು: ಉತ್ತರದ ಹಿಮದ ಬಯಲು, ಮೇಲೆ ಕಪ್ಪು ಆಕಾಶ, ಅದರ ತುಂಬ ಪರದೆಯಂತೆ ಅಲೆಯುವ ಹಸಿರು ಧ್ರುವಪ್ರಭೆ. "ಸಾಯೋದ್ರೊಳಗೆ ಒಂದ್ಸಲ ಇದನ್ನ ನೋಡ್ಬೇಕು" ಎಂದಿದ್ದಳು. ಒಲೆಯ ಹಬೆಗೆ ಚಿತ್ರ ಕಂದಿ ಹೋಯಿತು. ನಾನು "ನೋಡೋಣ" ಎನ್ನುತ್ತಲೇ ಬಂದೆ. ಈಗ, ಆ ಕಣ್ಣುಗಳಲ್ಲಿ ಬೆಳಕಿರುವಾಗಲೇ ಸೃಷ್ಟಿಕರ್ತನ ಆ ವೈಭವವನ್ನು ತೋರಿಸದೆ ಬಿಡೆನೆಂದು ಹಟ ತೊಟ್ಟೆ.

ಪ್ರವಾಸದ ಏಜೆಂಟನು ಮಾತ್ರ ಅನುಮಾನಿಸಿದ. "ಬಯಲಲ್ಲಿ ನಿಂತು ಕಾಯ್ಬೇಕಾಗುತ್ತೆ ಸಾರ್. ಚಳಿ ಅಭ್ಯಾಸ ಇದೆಯಾ?"

"ಅಭ್ಯಾಸ ಮಾಡಿಕೊಳ್ಳುತ್ತೇವೆ" ಎಂದೆ, ತಪಸ್ಸಿಗೆ ಹೊರಟವನ ಗಾಂಭೀರ್ಯದಿಂದ.

ಆ ತಪಸ್ಸಿಗೆ ನಾನು ಆರಿಸಿದ ತಾಣ ನನ್ನ ಭಾವಮೈದುನನ ಕೋಲ್ಡ್ ಸ್ಟೋರೇಜ್.

"ಭಾವ, ಇದು ಮೀನು ಇಡೋ ಜಾಗ" ಎಂದ ಅವನು.

"ಮೀನು ತಡೆದುಕೊಳ್ಳುವ ಚಳಿಯನ್ನು ಮನುಷ್ಯ ತಡೆದುಕೊಳ್ಳಲಾರನೇನಯ್ಯ?"

"ಅವು ಸತ್ತಿರ್ತವೆ, ಭಾವ."

ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಮನೆಯಲ್ಲಿದ್ದ ಉಣ್ಣೆಯೆಲ್ಲ ನಮ್ಮಿಬ್ಬರ ಮೈಮೇಲಿತ್ತು. ನಡೆದಾಡುವ ಹಾಸಿಗೆಗಳಂತೆ ಒಳಗೆ ಹೊಕ್ಕೆವು. ಭಾವಮೈದುನ ತನ್ನ ಅಕ್ಕನಿಗೆ ಹೇಳಿದ: "ಅಕ್ಕ, ಬಾಗಿಲ ಪಕ್ಕ ಅದನ್ನ ತೆರೆಯೋ ಒಂದು ಗುಂಡಿ ಇದೆ. ಕತ್ತಲಲ್ಲೂ ಹಸಿರಾಗಿ ಹೊಳೀತಿರುತ್ತೆ. ಸಾಕು ಅನ್ನಿಸಿದ ತಕ್ಷಣ ಅದನ್ನ ಒತ್ತಿಬಿಡು." ಬಾಗಿಲು ಮುಚ್ಚಿದ. ಯಾವ ಕೋಣೆಯ ಬಾಗಿಲು ಮುಚ್ಚಿದರೂ ಅದರ ದೀಪ ಆರಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಅದನ್ನೂ ಮಾಡಿದ.

ಕಗ್ಗತ್ತಲು. "ಒಳ್ಳೆಯದೇ ಆಯಿತು, ಅಲ್ಲಿಯೂ ಹೀಗೆಯೇ ಇರುತ್ತದೆ" ಎಂದು ನಾನು ಸಹನೆಯ ಮಹಿಮೆಯನ್ನು ಕುರಿತು ಪ್ರವಚನವನ್ನೇ ಆರಂಭಿಸಿದೆ. ಮಫ್ಲರಿನ ಮರೆಯಿಂದ ಮೇಲೇರಿದ ನನ್ನ ಉಪದೇಶದ ಹಬೆಯೆಲ್ಲ ಕನ್ನಡಕದ ಮೇಲೆ ಮಂಜಾಗಿ ಹೆಪ್ಪುಗಟ್ಟಿತು. ಪೀಠಿಕೆ ಮುಗಿಯುವಷ್ಟರಲ್ಲಿ ಕಾಲ್ಬೆರಳುಗಳು ನನ್ನ ಸ್ವಾಧೀನ ತಪ್ಪಿದವು.

"ಸಾಕು ಕಣೇ, ಗುಂಡಿ ಒತ್ತು. ಬಾಗಿಲ ಹತ್ತಿರ ನೀನೇ ಇದ್ದೀಯ."

"ಎಲ್ಲಿದೆ?"

"ಹಸಿರಾಗಿ ಹೊಳೀತಿರಬೇಕಲ್ಲ. ನಿನ್ನ ಮುಖದ ಮುಂದೇನೇ ಇರುತ್ತೆ."

"ಇರಬೇಕು" ಎಂದಳು, ಬಹಳ ಮೆಲ್ಲಗೆ.

ನಾನು ಕನ್ನಡಕ ಕಿತ್ತು ನೋಡಿದೆ. ಗುಂಡಿ ಇತ್ತು. ಅವಳ ಕೆನ್ನೆಯಿಂದ ಗೇಣುದೂರದಲ್ಲಿ, ಅವಳ ತಲೆವಸ್ತ್ರದ ಅಂಚನ್ನು ಬೆಳಗುತ್ತ, ತಣ್ಣಗೆ ಹಸಿರಾಗಿ ಹೊಳೆಯುತ್ತಿತ್ತು. ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಕೈ ಮಾತ್ರ ಇನ್ನೊಂದು ಬದಿಯ ಖಾಲಿ ಗೋಡೆಯನ್ನು ಸವರುತ್ತಿತ್ತು.

ಗುಂಡಿಯನ್ನು ನಾನೇ ಒತ್ತಿದೆ.

ಹೊರಗೆ ಬೋರಲು ಹಾಕಿದ ಮೀನಿನ ಕ್ರೇಟುಗಳ ಮೇಲೆ ನಮ್ಮನ್ನು ಕೂರಿಸಿ ಭಾವಮೈದುನ ಟೀ ತರಲು ಓಡಿದ.

"ನಿನಗೆ ಏನೂ ಕಾಣಲಿಲ್ಲವೇ?"

"ಹಗಲಲ್ಲಿ ಇನ್ನೂ ಕಾಣುತ್ತೆ ರೀ. ಕತ್ತಲಾದ್ರೆ ಇಲ್ಲ. ಸುಮಾರು ದಿನ ಆಯ್ತು."

"ಡಾಕ್ಟರು ಹೇಳಲಿಲ್ಲವಲ್ಲ?"

"ಹೇಳಿದ್ರು. ಕತ್ತಲಲ್ಲಿ ಕಾಣೋದು ಮೊದಲು ಹೋಗುತ್ತೆ ಅಂತ. ಅಷ್ಟೊತ್ತಿಗೆ ನೀವು ಹೊರಗೆ ಕೂತಿದ್ದ ರೋಗಿಗಳಿಗೆ ಧೈರ್ಯ ಹೇಳೋಕೆ ಎದ್ದು ಹೋಗಿದ್ರಿ."

ಹೌದು, ಹೋಗಿದ್ದೆ. ಅಂದು ನನ್ನ ಮಾತಿಗೆ ಹಲವರು ಕಣ್ಣೊರೆಸಿಕೊಂಡಿದ್ದರು. ಇತ್ತೀಚೆಗೆ ಸಂಜೆ ಪ್ರಾರ್ಥನೆ ಮುಗಿಸಿ ಬರುವಾಗ ಇವಳು ನನ್ನ ತೋಳು ಹಿಡಿದೇ ನಡೆಯುತ್ತಿದ್ದುದೂ ನೆನಪಾಯಿತು. ಅದನ್ನು ಮಾಗಿದ ದಾಂಪತ್ಯದ ಲಕ್ಷಣವೆಂದು ಬಗೆದು, ಒಂದು ಪ್ರವಚನದಲ್ಲಿ ದೃಷ್ಟಾಂತವಾಗಿಯೂ ಬಳಸಿಕೊಂಡಿದ್ದೆ. ಸಭೆ ತಲೆದೂಗಿತ್ತು. ಅವಳೂ ತಲೆದೂಗಿದ್ದಳು, ಮಹಾತಾಯಿ.

"ನನಗೆ ಒಂದು ಮಾತು ಹೇಳಬಾರದಿತ್ತೇ?"

"ಮೈಕಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ರಲ್ಲ. ಅದೂ ಅಲ್ದೆ, ನನಗೋಸ್ಕರ ಅಂತ ನೀವು ಇಷ್ಟು ಓಡಾಡಿದ್ದನ್ನ ನಾನು ನೋಡೇ ಇರಲಿಲ್ಲ. ಅದನ್ನಾದ್ರೂ ಕಣ್ತುಂಬ ನೋಡೋಣ ಅಂತ ಸುಮ್ನಿದ್ದೆ."

ಕನ್ನಡಕದ ಮಂಜು ಕರಗಿ ಕೆನ್ನೆಯ ಮೇಲೆ ಇಳಿಯುತ್ತಿದೆಯೆಂದು ತೋರಿಸಿಕೊಳ್ಳಲು ಯತ್ನಿಸಿದೆ. ಕನ್ನಡಕ ನನ್ನ ಕೈಯಲ್ಲಿತ್ತು.

"ಪ್ರವಾಸ ಬೇಡವೆಂದು ಹೇಳಿಬಿಡುತ್ತೇನೆ" ಎಂದೆ ಕೊನೆಗೆ.

"ಯಾಕೆ? ಹೋಗೋಣ. ಕಾಲಡಿ ಹಿಮ ಹೇಗಿರುತ್ತೆ ಅಂತ ತುಳಿದು ನೋಡ್ತೀನಿ. ಬೆಳಕು ಬಂದಾಗ ನೀವು ಹೇಳಿ."

"ಹೇಳುತ್ತೇನೆ. ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸುತ್ತೇನೆ."

"ವರ್ಣನೆ ಬೇಡ. 'ಹಸಿರು' ಅಂದ್ರೆ ಸಾಕು. ಅಂದ್ಬಿಟ್ಟು ನನ್ನ ಕೈ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ. ಎಲ್ಲಿ, ಒಂದ್ಸಲ ಅನ್ನಿ ನೋಡೋಣ."

ಅವಳ ಕೈ ಹಿಡಿದೆ. "ಹಸಿರು" ಎಂದೆ.

ಅವಳು ಕಣ್ಣು ಮುಚ್ಚಿದಳು. ಆ ಮುಖದಲ್ಲಿ ಏನೋ ತೆರೆಯುತ್ತಿರುವಂತೆ ಕಂಡಿತು. ನನಗೆ ತಡೆಯಲಾಗಲಿಲ್ಲ.

"ಹಸಿರೆಂದರೆ ಅದೆಂತಹ ಹಸಿರು! ಸೃಷ್ಟಿಕರ್ತನು ತನ್ನ ಕರುಣೆಯ ಸೆರಗನ್ನೇ ಆಕಾಶದ ತುಂಬ ಹರಡಿ..."

"ನೋಡಿ" ಎಂದಳು, ಕಣ್ಣು ಮುಚ್ಚಿಕೊಂಡೇ. "ಚಳಿಗೆ ನಾನು ಹೆದರಲಿಲ್ಲ. ಕತ್ತಲಿಗೂ ಹೆದರಲಿಲ್ಲ. ಹೆದರಿದ್ದು ಇದಕ್ಕೇ."