ಮೇಲ್ಮೈ ನಿರ್ಮೂಲನಾ ಅಭಿಯಾನ

ಬಹಳ ಹಿಂದೆ, ಕಡತಗಳು ಇನ್ನೂ ತಾಳೆಗರಿಯಲ್ಲೇ ಕೊಳೆಯುತ್ತಿದ್ದ ಕಾಲದಲ್ಲಿ, ಸ್ಫಟಿಕಾವತಿ ಎಂಬ ರಾಜ್ಯವಿತ್ತು. ಅದರ ಅರಮನೆಯ ನೆತ್ತಿಯ ಮೇಲೊಂದು ತಟ್ಟೆಯಗಲದ ಹರಳು. ಬಿಸಿಲು ಕುಡಿದು ಕರೆಂಟು ಕೊಡುವುದು ಅದರ ಗುಣ. ಆ ಕರೆಂಟಿನಿಂದಲೇ ಊರಿನ ನೀರಿನ ಪಂಪು ತಿರುಗುತ್ತಿತ್ತು. ಒಂದು ಮಳೆಗಾಲ ಹರಳಿನ ಮೈ ಕಪ್ಪಿಟ್ಟಿತು, ಪಂಪು ಕೆಮ್ಮತೊಡಗಿತು. ಹರಳಿಗೆ ಸಾಣೆ ಹಿಡಿಯುವ ಹೊನ್ನಕ್ಕನಿಗೆ ಅರಮನೆಯಿಂದ ಕರೆ ಹೋಯಿತು.

“ಏನಮ್ಮಾ ಇದು, ವಿರೋಧಿಗಳ ಪಿತೂರಿಯೋ?” ಎಂದು ನಿಷ್ಕಳಂಕ ಭೂಪತಿಗಳು ಅಪ್ಪಣೆ ಕೊಡಿಸಿದರು.

“ಅಲ್ಲ ಬುದ್ಧಿ. ಹರಳಿನಾಗೆ ಒಂದೊಂದು ಕಣಕ್ಕೂ ನಾಕು ಕೈ. ಒಳಗಿರೋವು ನಾಕರಾಗೂ ಪಕ್ಕದೋವನ್ನ ಹಿಡ್ಕೊಂಡು ನೆಮ್ಮದಿಯಾಗಿರ್ತವೆ. ಮೇಲಿರೋವಕ್ಕೆ ಆಚೆ ಕಡೆ ಯಾರೂ ಇಲ್ವಲ್ಲ, ಒಂದು ಕೈ ಖಾಲಿ. ಅದು ಗಾಳೀನೋ ತೇವಾನೋ ಸಿಕ್ಕಿದ್ದನ್ನ ಹಿಡ್ಕೊತದೆ. ಅದೇ ಈ ಕಪ್ಪು. ಆ ಕೈಗೆ ಒಂಚೂರು ಗಂಧಕ ಹಿಡಿಸಿಬಿಟ್ರೆ ತೆಪ್ಪಗಿರ್ತದೆ.”

ಮಹಾಮಂತ್ರಿ ಅನುಮೋದನಾಚಾರ್ಯರು ಶಲ್ಯ ಸರಿಪಡಿಸಿಕೊಂಡು ಎದ್ದರು. “ಮಹಾಪ್ರಭು, ಇಂದು ಹರಳಿನ ಖಾಲಿ ಕೈಗೆ ಕೊಟ್ಟರೆ ನಾಳೆ ರಾಜ್ಯದ ಖಾಲಿ ಕೈಗಳೆಲ್ಲ ಅರ್ಜಿ ಹಾಕುತ್ತವೆ. ತಕರಾರಿರುವುದು ಮೇಲ್ಮೈಯಲ್ಲಿ ಮಾತ್ರ. ಮೇಲ್ಮೈಯನ್ನೇ ತೆಗೆದುಬಿಡೋಣ.”

“ಒಂದು ಪದರ ತೆಗೆದ್ರೆ ಅದರ ಕೆಳಗಿಂದೇ ಮೇಲ್ಮೈ ಆಗ್ತದೆ ಬುದ್ಧಿ.”

“ಹಾಗಾದರೆ ಅದನ್ನೂ ತೆಗಿ,” ಎಂದರು ಪ್ರಭುಗಳು. ರಾಜ್ಯಭಾರ ಇಷ್ಟು ಸುಲಭವೆಂದು ಅವರಿಗೇ ಗೊತ್ತಿರಲಿಲ್ಲ.

ಅಭಿಯಾನಕ್ಕೆ ವಾಲಗದೊಂದಿಗೆ ಚಾಲನೆ ಸಿಕ್ಕಿತು. ಹೊನ್ನಕ್ಕ ಉಜ್ಜಿದಳು, ಬೆಳಿಗ್ಗೆ ಹೊಳೆದದ್ದು ಸಂಜೆಗೆ ಕಪ್ಪು. ಮತ್ತೆ ಉಜ್ಜಿದಳು. ಆಗ ಆಸ್ಥಾನದ ವಾಸ್ತು ಸಲಹೆಗಾರರು ಹರಳನ್ನು ಈಶಾನ್ಯಕ್ಕೆ ಮುಖವಾಗುವಂತೆ ಓರೆಯಾಗಿ ಕೊಯ್ಯಿಸಿದರು. ಹರಳಿಗೆ ಎಲ್ಲ ಮುಖವೂ ಒಂದೇ ಅಲ್ಲ. ಆ ಮುಖದಲ್ಲಿ ಕಣಕ್ಕೆರಡು ಕೈ ಖಾಲಿ; ಮಧ್ಯಾಹ್ನದೊಳಗೇ ಕಪ್ಪಾಯಿತು. “ದೋಷ ಬೇಗ ಹೊರಬರುತ್ತಿದೆ, ಶುಭಸೂಚನೆ,” ಎಂದರು ಸಲಹೆಗಾರರು.

ಹೊನ್ನಕ್ಕನ ಅಪ್ಪ ಆಯುಷ್ಯವಿಡೀ ಕಾಪಾಡಿದ ಹರಳು ಅದು. ತಡೆಯಲಾರದೆ ಸೆರಗಿನಲ್ಲಿ ಗಂಧಕ ಕಟ್ಟಿಕೊಂಡು ಹೋಗಿ ಒಂದು ಮೂಲೆಗೆ ತಿಕ್ಕಿದಳು. ಆ ಮೂಲೆ ಎಂಟು ದಿನವಾದರೂ ಥಳಥಳ ಹೊಳೆಯುತ್ತಿತ್ತು. ತಪಾಸಣಾ ಸಮಿತಿ ಅದನ್ನು ಪತ್ತೆಹಚ್ಚಿ ‘ಏಕರೂಪತೆಗೆ ಧಕ್ಕೆ’ ಎಂದು ಷರಾ ಬರೆಯಿತು. ಅದನ್ನೇ ಮೊದಲು ಉಜ್ಜಿಸಿತು.

ಕೊನೆಗೆ ಉಳಿದದ್ದು ಬೊಗಸೆ ಪುಡಿ. ಪುಡಿಯೆಂದರೆ ಬರೀ ಮೇಲ್ಮೈ, ಒಳಗೆಂಬುದೇ ಇಲ್ಲ ಎಂದು ಹೇಳಲು ಹೊನ್ನಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ನಗಾರಿ ಬಾರಿಸಿದರು. ಮಹಾಮಂತ್ರಿಗಳು ಪುಡಿಯನ್ನು ಚಿನ್ನದ ಹರಿವಾಣದಲ್ಲಿ ಒಪ್ಪಿಸಿದರು: “ಮಹಾಪ್ರಭು, ಕಪ್ಪಾದ ಹರಳು ರಾಜ್ಯದಲ್ಲಿ ಈಗ ಒಂದೂ ಇಲ್ಲ.” ಪ್ರಭುಗಳು ಅದನ್ನು ಕಿರೀಟಕ್ಕೆ ಮೆತ್ತಿಸಿಕೊಂಡು ‘ಮೇಲ್ಮೈಮರ್ದನ’ ಎಂಬ ಬಿರುದು ಧರಿಸಿದರು.

ಪಂಪು ನಿಂತಿತು. ಮರುದಿನದಿಂದ ಊರಿಗೂರೇ ಹರದಾರಿ ದೂರದ ಹೊಳೆಗೆ ನಡೆಯಿತು. ಸಾಲಿನಲ್ಲಿ ಹೊನ್ನಕ್ಕನೂ ಇದ್ದಳು, ಎರಡು ಕೈಗೆ ಎರಡು ಬಿಂದಿಗೆ. ಉಪ್ಪರಿಗೆಯಿಂದ ನೋಡಿದ ಪ್ರಭುಗಳ ಕಣ್ಣು ತುಂಬಿ ಬಂತು.

“ಮಂತ್ರಿಗಳೇ, ನಮ್ಮ ರಾಜ್ಯದಲ್ಲಿ ಖಾಲಿ ಕೈ ಒಂದೂ ಕಾಣುತ್ತಿಲ್ಲವಲ್ಲ.”

“ತಮ್ಮ ಕೃಪೆ ಮಹಾಪ್ರಭು. ಆದರೆ ತಮ್ಮನ್ನು ಕಂಡೂ ಒಬ್ಬರೂ ಕೈಮುಗಿಯುತ್ತಿಲ್ಲ.”

ಸಂಜೆಗೆ ಡಂಗುರ ಹೊಡೆಸಿದರು: ಕೈಮುಗಿಯದ ತಪ್ಪಿಗೆ ದಿನವೂ ಮನೆಗೊಂದು ಬಿಂದಿಗೆ ನೀರು ಅರಮನೆಗೆ ದಂಡ. ಹೊನ್ನಕ್ಕ ಒಂದು ಬಿಂದಿಗೆಯನ್ನು ಅರಮನೆಯ ಬಾಗಿಲಲ್ಲಿಟ್ಟ ದಂಡದ ಹಂಡೆಗೆ ಸುರಿದು, ಇನ್ನೊಂದನ್ನು ಹೊತ್ತು ಮನೆಗೆ ಹೋದಳು.