ಎರೆಯಿಲ್ಲದ ಗಾಳ

ಪಾರ್ಸೆಲ್ ಗುಮಾಸ್ತನ ಗಾಳಕ್ಕೆ ಮೂರು ವರ್ಷಗಳಿಂದ ಎರೆ ಇರಲಿಲ್ಲ. ಎರೆ ಇದ್ದರೆ ಮೀನು ಬರುತ್ತದೆ, ಮೀನು ಬಂದರೆ ಎಚ್ಚರವಾಗುತ್ತದೆ. ಆರು ದಿನ ಅಂಚೆ ಕಚೇರಿಯಲ್ಲಿ ಊರವರ ಮೂಟೆಗಳನ್ನು ಹೊತ್ತು, ಏಳನೆಯ ದಿನ ಮೀನಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ, ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆಯ ತುದಿಯಲ್ಲಿ ಮಡಚುವ ಕುರ್ಚಿ ಹಾಕಿ, ಗಾಳದ ಕೋಲನ್ನು ಅದರ ಕಾಲಿಗೆ ಕಟ್ಟಿ ನಿದ್ದೆ ಹೋಗುವುದು ಅವನ ಪದ್ಧತಿ. ಮನೆಯಲ್ಲಿ ಮಲಗಿದರೆ ಯಾರಾದರೂ ಬಂದು ಏನನ್ನಾದರೂ ಎತ್ತಿಸುತ್ತಿದ್ದರು.

ಆ ಭಾನುವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗಾಳಿ ಸೇವನೆಗೆ ಅತ್ತ ಬಂದರು. ಗೊರಕೆ ಹೊಡೆಯುತ್ತಿದ್ದವನ ನೂಲನ್ನು ಸುಮ್ಮನೆ ಎತ್ತಿ ನೋಡಿದರೆ ಬರಿ ಕೊಕ್ಕೆ. ಪಾಪ, ಮರೆತಿದ್ದಾನೆ ಎಂದು ಮರುಗಿ, ದೋಣಿಯವನಿಂದ ಜೀವಂತ ಸಿಗಡಿ ಕೇಳಿ ತಂದು ಚುಚ್ಚಿ ಬಿಟ್ಟರು. ಉಪಕಾರ ಮಾಡುವವರ ಕೈಗೆ ದಣಿವೆಂಬುದಿಲ್ಲ.

ಹತ್ತು ನಿಮಿಷದಲ್ಲಿ ಕುರ್ಚಿ ಗುಮಾಸ್ತನನ್ನು ಹೊತ್ತುಕೊಂಡೇ ಸಮುದ್ರಕ್ಕೆ ಹೊರಟಿತು.

ಎಚ್ಚೆತ್ತವನು ಧಕ್ಕೆಯಂಚಿನ ಕಂಬಿಗೆ ಕಾಲು ಕೊಟ್ಟು, ಕೋಲು ಬಿಚ್ಚಿ ಹಿಡಿದಾಗ ತಿಳಿಯಿತು, ಕೆಂಬೇರಿ. ಎಳೆದಷ್ಟೂ ಬಂಡೆಯ ಸಂದಿಗೇ ನುಗ್ಗುವ, ಶಾಲೆಗೆ ಹೊರಡದ ಮಗುವಿನಂಥ ಹಟಮಾರಿ ಕೆಂಪು ಮೀನು. ನೂಲು ಕತ್ತರಿಸೋಣವೆಂದು ಚಾಕು ತೆಗೆದರೆ ಮೇಷ್ಟ್ರು ಕಸಿದುಕೊಂಡರು.

"ಬಿಟ್ಬಿಡ್ತೀನಿ ಸಾರ್, ಅದರ ಪಾಡಿಗೆ ಹೋಗ್ಲಿ."

"ಬಿಡೋದಾ? ಏನಯ್ಯ ನೀನು. ನಾನಿದ್ದೀನಿ, ಎಳಿ."

ನಾನಿದ್ದೀನಿ ಎಂದ ಮೇಷ್ಟ್ರು ಹಿಡಿದದ್ದು ಅವನ ಟೋಪಿಯನ್ನು ಮಾತ್ರ. ಜನ ಸೇರಿದರು. ಐಸ್ ಮಾರುವವನು ಸಡಿಲ ಬಿಡು ಎಂದ, ದೋಣಿಯವನು ಬಿಗಿ ಹಿಡಿ ಎಂದ. ಹಿಡಿಯಲು ಮಾತ್ರ ಯಾರೂ ಬರಲಿಲ್ಲ. ಎರಡು ಗಂಟೆಯ ಮೇಲೆ ಮೀನೂ ಅವನೂ ಧಕ್ಕೆಯ ಮೇಲೆ ಅಕ್ಕಪಕ್ಕ ಬಿದ್ದು ಬಾಯಿ ತೆರೆದು ಮುಚ್ಚುತ್ತಿದ್ದರು. ಚಪ್ಪಾಳೆ ಇಬ್ಬರಲ್ಲಿ ಯಾರಿಗೆಂದು ಗೊತ್ತಾಗಲಿಲ್ಲ.

ಒಂದೇ ಸಮಾಧಾನ. ಮೂರು ವರ್ಷದ ಸುಳ್ಳಿಗೆ ಎಂಟು ಕಿಲೋ ಸಾಕ್ಷಿ ಸಿಕ್ಕಿತ್ತು, ಇನ್ನು ಭಾನುವಾರಗಳಿಗೆ ಭಯವಿಲ್ಲ.

ಮನೆ ಬಾಗಿಲಲ್ಲಿ ನಿಂತು ಮೇಷ್ಟ್ರೇ ಇಡೀ ಯುದ್ಧವನ್ನು ವರ್ಣಿಸಿ ಹೋದರು. ಹೆಂಡತಿ ಮೀನು ನೋಡಿದಳು, ಗಂಡನ ತೋಳು ನೋಡಿದಳು. ಮುಖ ಅರಳಲಿಲ್ಲ.

"ನೀವಲ್ಲಿ ಮಲಗೋಕೆ ಹೋಗ್ತೀರ ಅಂತ ಮೊದಲ್ನೇ ವಾರಾನೇ ಗೊತ್ತಿತ್ತು ನಂಗೆ. ಒಂದು ಮೀನೂ ಇಲ್ದೆ, ಕೆನ್ನೆ ಮೇಲೆ ಕುರ್ಚಿ ಅಚ್ಚು ಹೊತ್ಕೊಂಡು ಬಂದ್ರೆ ಗೊತ್ತಾಗಲ್ವಾ? ದಣಿದ ಜೀವ, ಮಲಕ್ಕೊಳ್ಳಲಿ ಅಂತ ಸುಮ್ನಿದ್ದೆ. ಯಾರು ಕೇಳಿದ್ರೂ ಮೀನಿಗೆ ಹೋಗಿದಾರೆ ಅಂತ ನಾನೂ ಸುಳ್ಳು ಹೇಳ್ದೆ. ಮೈಯಲ್ಲಿ ಇಷ್ಟು ಕಸುವು ಇಟ್ಕೊಂಡು ಸುಸ್ತು ಅಂತಿದ್ರಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಫೋನು ಎತ್ತಿಕೊಂಡಿದ್ದಳು.

"ಅಮ್ಮಾ, ನಿಮ್ಮನೆ ಬದಲಾಯಿಸೋಕೆ ಕೂಲಿಯವ್ರು ಬೇಡ. ಹೂಂ, ಇನ್ಮೇಲೆ ಭಾನುವಾರ ಇವ್ರು ಖಾಲೀನೇ. ನಾಲ್ಕನೇ ಮಹಡಿ ಆದ್ರೇನಂತೆ?"