ನೀರು ಹಾಕುವ ಕೈ ಮತ್ತು ಭುಜದ ಡಾಕ್ಟ್ರು

ನಮ್ಮ ಭುಜದ ಡಾಕ್ಟರಿಗೆ ಮನುಷ್ಯರ ಮುಖ ಕಾಣಿಸುವುದಿಲ್ಲ. ಕಣ್ಣಿಗೇನೂ ಆಗಿಲ್ಲ, ಕನ್ನಡಕವೂ ಇಲ್ಲ. ಆದರೆ ಎದುರಿಗೆ ಹೋಗಿ ನಿಂತು ಹಲ್ಲು ಬಿಟ್ಟರೂ ಗುರುತು ಹಿಡಿಯುವುದಿಲ್ಲ. ಒಂದು ದಿನ ಚಾಮರಾಜನಗರದ ತರಕಾರಿ ಅಂಗಡಿಗಳ ಹತ್ತಿರ ಸಿಕ್ಕಿದರು. ನನ್ನ ಭುಜ ಕೊಯ್ದು, ಒಳಗೆ ಹರಿದಿದ್ದನ್ನು ಹೊಲಿದು, ತಿಂಗಳುಗಟ್ಟಲೆ ನನ್ನ ಕೈ ಎತ್ತಿಸಿ ಇಳಿಸಿದ ಮನುಷ್ಯ! 'ನಮಸ್ಕಾರ ಡಾಕ್ಟ್ರೇ' ಅಂದೆ. ಬೀನ್ಸ್ ಮಾರುವವಳು ಕರೆದಳು ಅಂದುಕೊಂಡು 'ಬೇಡಮ್ಮ' ಅಂದು ಮುಂದೆ ಹೋದರು. ನನಗೆ ಅವಮಾನವಾಗಿ ತಿರುಗಿಕೊಂಡು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಕೂಗಿದರು.

'ಅಮ್ಮಾ, ಗುಂಡ್ಲುಪೇಟೆಯವರಲ್ವಾ? ಬಲ ಭುಜ ಮೇಲೆ ಮಾಡ್ಕೊಂಡು ನಡೀತಿದೀರಿ. ಚೀಲ ಎಡಗೈಗೆ ಹಾಕ್ಕೊಳ್ಳಿ.'

ಮುಖಕ್ಕೆ ಸಿಗದ ಮರ್ಯಾದೆ ಬೆನ್ನಿಗಾದರೂ ಸಿಕ್ಕಿತಲ್ಲ ಅಂತ ಚೀಲ ಎಡಗೈಗೆ ಹಾಕಿಕೊಂಡೆ.

ಅಂದಹಾಗೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಡಾಕ್ಟರು ನಡುವೆ ಬಂದುಬಿಟ್ಟರು. ನನ್ನ ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷ ಆದಮೇಲೆ ಹುಟ್ಟಿದ ಕೂಸು. ಕೆನ್ನೆ ಎರಡೂ ಇಡ್ಲಿಯ ಹಾಗಿವೆ. ಇನ್ನೂ ಬರೆದರೆ ದೃಷ್ಟಿಯಾಗುತ್ತದೆ, ಸಾಕು.

ನಾನು ಓದಿರುವುದು ನಾಲ್ಕನೇ ಕ್ಲಾಸು. ಆದರೆ ಒಂದು ವಿದ್ಯೆಯಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದು ಹಸುಗೂಸಿಗೆ ನೀರು ಹಾಕುವುದು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ನೀವಿ, ಹಂಡೆಯಿಂದ ಚೊಂಬಿನಲ್ಲಿ ಬಿಸಿನೀರು ಮೊಗೆದು ಮೊಗೆದು ಹೊಯ್ಯಬೇಕು. ಎಡಗೈ ಕೂಸಿಗೆ, ಬಲಗೈ ನೀರಿಗೆ. ನಮ್ಮ ಬೀದಿಯ ಮಕ್ಕಳೆಲ್ಲ ನನ್ನ ಕಾಲ ಮೇಲೆ ಮಲಗಿ ಎದ್ದವರೇ. ಅವರಲ್ಲೊಬ್ಬ ಈಗ ಬಸ್ ಕಂಡಕ್ಟರ್. ಮೀಸೆ ತಿರುವಿಕೊಂಡು ನನ್ನ ಹತ್ತಿರವೇ ಆಧಾರ್ ಕಾರ್ಡ್ ಕೇಳುತ್ತಾನೆ. ಇವನ ಗುರುತು ನನ್ನ ಹತ್ತಿರ ಎಷ್ಟಿದೆ ಅಂತ ಬಸ್ಸಿನಲ್ಲಿ ಹೇಳಲಿಕ್ಕೆ ಆಗುತ್ತದೆಯೇ?

ಊರ ಮಕ್ಕಳಿಗೆಲ್ಲ ನೀರು ಹಾಕಿದವಳು, ನನ್ನ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಬಿದ್ದುಬಿಟ್ಟೆ. ಕಾಡಂಚಿನ ನಮ್ಮ ಮದ್ದೂರು ಕಡೆಯ ನೆಂಟರ ಮನೆಯಿಂದ ನಮ್ಮ ಯಜಮಾನರ ಮೊಪೆಡ್ಡಿನಲ್ಲಿ ಬರುತ್ತಿದ್ದೆವು. ಕಾಡಿನ ರಸ್ತೆಗೆ ನವಿಲೊಂದು ಅಡ್ಡ ಬಂತು. ಯಜಮಾನರು ದಯಾವಂತರು, ಗಕ್ಕನೆ ಬ್ರೇಕು ಹಾಕಿದರು. ನವಿಲಿಗೆ ಏನೂ ಆಗಲಿಲ್ಲ.

ಮೂರು ವಾರ ಅವರಿವರು ಹೇಳಿದ ಎಣ್ಣೆ, ಸೊಪ್ಪು, ಪಟ್ಟು ಎಲ್ಲಾ ಆಯಿತು. ಕೈ ಸೊಂಟದಿಂದ ಮೇಲೆ ಏಳಲಿಲ್ಲ. ಕೊನೆಗೆ ಚಾಮರಾಜನಗರದಲ್ಲಿ ಭುಜ ಒಂದನ್ನೇ ನೋಡುವ ಡಾಕ್ಟರು ಇದ್ದಾರೆ ಅಂತ ಯಾರೋ ಹೇಳಿದರು. ಭುಜ ಒಂದಕ್ಕೇ ಒಬ್ಬ ಡಾಕ್ಟರೇ? ಹಾಗಾದರೆ ಮೊಣಕೈಗೆ ಯಾವ ಊರಿಗೆ ಹೋಗಬೇಕು ಅಂತ ಯಜಮಾನರು ತೆರಕಣಾಂಬಿ ದಾಟುವವರೆಗೂ ಗೊಣಗಿದರು.

ನಮ್ಮ ಕಡೆ ಆಸ್ಪತ್ರೆಗೆ ಹೋದರೆ ರೋಗಿ ಮಾತಾಡುವ ಪದ್ಧತಿ ಇಲ್ಲ. ಜೊತೆಗೆ ಬಂದವರು ಮಾತಾಡುತ್ತಾರೆ. ಯಜಮಾನರೂ ಒಳಗೆ ಹೋದವರೇ ಶುರು ಮಾಡಿದರು.

'ಇವಳ್ಗೆ ಈ ಕೈ ಎತ್ತಕ್ಕಾಗಕಿಲ್ಲ ಸಾ. ಊಟ ಸೇರಕಿಲ್ಲ. ನೋವು ಅಂದ್ರೆ ನೋವು, ಬೆಂಕಿ ಬಿದ್ದಂಗೆ.'

'ನೋವು ಯಾರಿಗೆ?' ಅಂದರು ಡಾಕ್ಟರು.

'ಇವಳ್ಗೇ ಸಾ.'

'ಹಾಗಾದ್ರೆ ನೀವು ಹೊರಗಿರಿ.'

ಯಜಮಾನರು ಬೆಪ್ಪಾದರು. 'ಸಾ, ಮೂವತ್ತೈದು ವರ್ಷದಿಂದ ಇವಳ ಮಾತ್ನೆಲ್ಲ ನಾನೇ ಆಡ್ಕಂಡ್ ಬಂದಿವ್ನಿ.'

'ಸುಸ್ತಾಗಿರ್ತೀರಿ. ಹೊರಗೆ ಬೆಂಚಿದೆ, ಕೂತ್ಕೊಳ್ಳಿ.'

ಬಾಗಿಲು ಮುಚ್ಚಿಕೊಂಡಿತು. ಆ ಕೋಣೆಯಲ್ಲಿ ಡಾಕ್ಟರ ಎದುರಿಗೆ ನಾನು ಒಬ್ಬಳೇ. ಹೇಗೆ ಹೇಳಲಿ, ದೊಡ್ಡ ಬಯಲಿನಲ್ಲಿ ಬಿಟ್ಟುಹೋದ ಹಾಗಾಯಿತು. ಎಲ್ಲಿ ನೋವು ಅಂತ ಕೇಳುತ್ತಾರೆ, ತೋರಿಸೋಣ ಅಂತ ಕಾದೆ. ಅವರು ಕೇಳಿದ್ದೇ ಬೇರೆ.

'ಈ ಕೈಯಲ್ಲಿ ನಿಮಗೆ ಏನು ಮಾಡಬೇಕು?'

ಎಲ್ಲರಿಗೂ ಹೀಗೇ ಕೇಳುತ್ತಾರಂತೆ. ಹೇಳಿದ್ದನ್ನು ಹೇಳಿದ ಹಾಗೆಯೇ ಚೀಟಿಯಲ್ಲಿ ಬರೆಯುತ್ತಾರೆ. ನನಗಿಂತ ಮುಂಚೆ ಬಂದಿದ್ದ ರಿಟೈರ್ಡ್ ಮೇಷ್ಟರೊಬ್ಬರು ಬಹಳ ಯೋಚನೆ ಮಾಡಿ 'ಬೆನ್ನು ತುರಿಸಿಕೊಳ್ಳಬೇಕು' ಅಂದಿದ್ದರಂತೆ. ಡಾಕ್ಟರು ನಗಲಿಲ್ಲ. ಬೆನ್ನಿನ ಯಾವ ಭಾಗ, ಎಷ್ಟು ಮೇಲೆ ಅಂತ ಕೇಳಿ ಅದನ್ನೂ ಬರೆದುಕೊಂಡರಂತೆ.

ನಿನಗೇನು ಬೇಕು ಅಂತ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಹೇಳಿಯೇಬಿಟ್ಟೆ. 'ಇನ್ನ ಒಂದೂವರೆ ತಿಂಗ್ಳಿಗೆ ಮಗಾ ಉಟ್ತದೆ ಡಾಕ್ಟ್ರೇ, ನನ್ ಮಗಳ್ಗೆ. ಅದ್ಕೆ ನೀರಾಕ್ಬೇಕು.'

'ಹೇಗೆ ಹಾಕ್ತೀರಿ? ತೋರಿಸಿ.'

ನಾನು ತಮಾಷೆ ಅಂದುಕೊಂಡೆ. ಅವರು ಮಂಚದ ಮೇಲಿದ್ದ ದಿಂಬು ತೆಗೆದು ಕೊಟ್ಟರು. ಆಸ್ಪತ್ರೆಯ ನೆಲದಲ್ಲಿ ಕಾಲು ನೀಡಿ ಕೂತು, ದಿಂಬನ್ನು ಕಾಲ ಮೇಲೆ ಮಲಗಿಸಿಕೊಂಡು, ನೆಟ್ಟಗಿದ್ದ ಎಡಗೈಯಲ್ಲೇ ನೀರು ಮೊಗೆದು ಹೊಯ್ದು ತೋರಿಸಿದೆ. ಅವರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚೊಂಬು ಎಷ್ಟು ದಪ್ಪ, ಹಂಡೆ ಯಾವ ಕಡೆ, ಒಂದು ಸ್ನಾನಕ್ಕೆ ಎಷ್ಟು ಚೊಂಬು ಅಂತೆಲ್ಲ ಕೇಳಿದರು. ನರ್ಸಮ್ಮ ಬಾಗಿಲು ತೆಗೆದವಳು ಹಾಗೇ ಮುಚ್ಚಿಕೊಂಡು ಹೋದಳು.

'ಆಪರೇಷನ್ ಬೇಕು. ಪೂರ್ತಿ ಬಲ ಬರೋಕೆ ಆರು ತಿಂಗಳು.'

ನಾನು ದಿಂಬು ಕೆಳಗಿಟ್ಟೆ. 'ಆರ್ ತಿಂಗ್ಳಿಗೆ ಮಗಾ ಕೂತ್ಕತ್ತದೆ ಡಾಕ್ಟ್ರೇ. ಕೂತ್ಕಳದ್ ಕಲ್ತ ಮಗಾ ಕಾಲ್ ಮೇಲೆ ಮಲಗದಾ?'

ಅವರು ಬೆರಳು ಮಡಚಿ ಎಣಿಸಿದರು. 'ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿದೆ ಅಂದ್ರಿ. ಆರು ತಿಂಗಳು ಆಗೋ ಹೊತ್ತಿಗೆ ಮಗುವಿಗೆ ನಾಲ್ಕೂವರೆ. ಸಿಗುತ್ತೆ. ಆದ್ರೆ ನಾನು ಹೇಳಿದ ಹಾಗೆ ಕೇಳಬೇಕು.'

ಆಪರೇಷನ್ ಆಯಿತು. ಕೈಯನ್ನು ಎದೆಗೆ ಕಟ್ಟಿ ಪಟ್ಟಿ ಹಾಕಿ, ಆರು ವಾರ ಬಿಚ್ಚಕೂಡದು ಅಂದರು. ಸೀರೆ ಉಡಿಸಲು ಪಕ್ಕದ ಮನೆಯವಳು, ತಲೆ ಬಾಚಲು ಯಜಮಾನರು. ಅವರಿಗೆ ಗೊತ್ತಿದ್ದದ್ದು ತಮ್ಮ ಕ್ರಾಪು ಒಂದೇ. ಒಂದು ತಿಂಗಳು ನಾನು ಪಕ್ಕ ಬೈತಲೆ ತೆಗೆದುಕೊಂಡು ಓಡಾಡಿದೆ.

ಮೊಮ್ಮಗಳು ಹುಟ್ಟಿದ ದಿನ ಮನೆಯವರೆಲ್ಲ ಕೈಯಿಂದ ಕೈಗೆ ಎತ್ತಿಕೊಂಡರು. ನನ್ನ ಸರದಿ ಬಂದಾಗ ತೊಡೆಯ ಮೇಲೆ ಒಂದು ಗಳಿಗೆ ಇಟ್ಟು, 'ಹುಷಾರು' ಅಂತ ಹಿಂದಕ್ಕೆ ತೆಗೆದುಕೊಂಡರು. ನೀರು ಹಾಕಲು ಹರದನಹಳ್ಳಿಯಿಂದ ನಮ್ಮ ಅಣ್ಣನ ಹೆಂಡತಿ, ನಮ್ಮತ್ತಿಗೆ, ಬಂದರು. ಒಳ್ಳೆಯ ಹೆಂಗಸು. ಆದರೆ ನೀರು ಹೊಯ್ಯುವುದು ಸ್ವಲ್ಪ ಜೋರು.

ಬೆಳಿಗ್ಗೆ ಎಂಟು ಗಂಟೆಗೆ ಬಚ್ಚಲ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಹಜಾರದ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಚೊಂಬು ಹಂಡೆಗೆ ತಗಲುವ ಸದ್ದು, ನೀರು ಬೀಳುವ ಸದ್ದು, ಕೂಸು ಅಳುವುದು, ಅತ್ತಿಗೆ 'ಉಸ್ಸೋ ಉಸ್ಸೋ' ಅನ್ನುವುದು. ಮನೆ ತುಂಬ ಜನ. ಬಾಣಂತಿಗೆ ಪಥ್ಯ ಮಾಡುವವರು, ಬಟ್ಟೆ ಒಗೆಯುವವರು, ನೋಡಲು ಬಂದವರು. ಎಲ್ಲರಿಗೂ ಒಂದೊಂದು ಕೆಲಸ. ನನಗೆ 'ನೀನು ಸುಮ್ನೆ ಕೂತ್ಕೊ ಅವ್ವ' ಅನ್ನಿಸಿಕೊಳ್ಳುವುದೇ ಕೆಲಸ. ಸಾಂಬ್ರಾಣಿ ಹೊಗೆ ಮಾತ್ರ ನನ್ನ ತನಕ ಬರುತ್ತಿತ್ತು. ಕೂಸು ಅತ್ತಿಗೆಯ ದನಿ ಕೇಳಿದರೆ ಅಳು ನಿಲ್ಲಿಸುವುದನ್ನು ಕಲಿಯಿತು. ನನ್ನ ದನಿಗೆ ಕಣ್ಣು ಕೂಡ ತಿರುಗಿಸುತ್ತಿರಲಿಲ್ಲ. ಅದಕ್ಕೇನು ಗೊತ್ತು ಪಾಪ. ಕಂಬಕ್ಕೆ ಒರಗಿ ಕೂತವರೆಲ್ಲ ಅದಕ್ಕೆ ಕಂಬವೇ.

ಪಟ್ಟಿ ಬಿಚ್ಚಿದ ಮೇಲೆ ಶುರುವಾಯಿತು ಗೋಡೆಯ ಕಾಟ. ಡಾಕ್ಟರ ಕೋಣೆಯ ಹೊರಗೆ ಒಂದು ಗೋಡೆ ಇದೆ. ಅದಕ್ಕೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತುವ ಹಾಗೆ ಮೇಲೆ ಮೇಲೆ ನಡೆಸಬೇಕು. ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ಹೆಸರು. ಹದಿನೈದು ದಿನಕ್ಕೊಮ್ಮೆ ಹೋಗಿ ಗೆರೆ ಮೇಲೇರಿಸಬೇಕು. ಗೋಡೆಯೇನು, ಗ್ರಾಮ ಪಂಚಾಯಿತಿ ಚುನಾವಣೆ! ಬಾಳೆಗೊನೆ ಲೋಡು ಮಾಡುವ ಕುದೇರಿನ ಗೌಡನೊಬ್ಬ ನನ್ನ ಜೊತೆಯವನು. ಅವನ ಗೆರೆ ನನ್ನದಕ್ಕಿಂತ ನಾಲ್ಕು ಬೆರಳು ಮೇಲೆ.

'ಏನ್ ಅಕ್ಕ, ಇನ್ನೂ ಕಿಟಕಿ ತಾವೇ ನಿಂತ್ಬುಟ್ಟಿದ್ದೀಯ?' ಅಂತ ಕೆಣಕಿದ.

'ನೀನು ಉದ್ದ ಇದ್ದೀಯ ಕಣ. ನನ್ನಷ್ಟು ಗಿಡ್ಡ ಆಗಿ ಎತ್ತು, ನೋಡಾನ.'

ಇವನ ಮುಂದೆ ಸೋಲುವುದೇ? ಡಾಕ್ಟರು ಬರುವ ಹೊತ್ತಿಗೆ ಸ್ವಲ್ಪವೇ ಸ್ವಲ್ಪ ಹಿಮ್ಮಡಿ ಎತ್ತಿದೆ. ಗೆರೆ ಸರ್ರನೆ ಮೇಲೇರಿತು. ಡಾಕ್ಟರು ಗೋಡೆ ನೋಡಲೇ ಇಲ್ಲ. ನನ್ನ ಹಿಂದೆ ನಿಂತು, 'ಅಮ್ಮಾ, ಮಗುವಿಗೆ ನೀರು ಹಾಕೋವಾಗ ತುದಿಗಾಲಲ್ಲಿ ನಿಂತ್ಕೋತೀರಾ?' ಅಂದರು. ಗೌಡ ಗೊಳ್ಳೆಂದು ನಕ್ಕ. ಅವನ ಕಡೆ ತಿರುಗಿ, 'ನೀವೂ ಇಳಿಸಿ' ಅಂದರು. ಅವನೂ ತುದಿಗಾಲಿನಲ್ಲೇ ಇದ್ದ.

ಮನೆಯಲ್ಲೂ ಒಂದು ಗೋಡೆ ಹಿಡಿದೆ. ಎಲ್ಲರೂ ಕೂಸಿನ ಸುತ್ತ ಕೂತಿರುವಾಗ ನಾನು ಹಿತ್ತಲಲ್ಲಿ ಸುಣ್ಣದ ಗೋಡೆಗೆ ಮುಖ ಮಾಡಿಕೊಂಡು ಬೆರಳು ಹತ್ತಿಸುತ್ತಿದ್ದೆ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಗೋಡೆಗೆ ಏನು ಗೊತ್ತಾಗುತ್ತದೆ? ಆಮೇಲೆ ಖಾಲಿ ಚೊಂಬು ಎತ್ತಿದೆ. ಆಮೇಲೆ ಅರ್ಧ ಚೊಂಬು. ಒಳಗೆ ಕೂಸು ಕವುಚಿಕೊಳ್ಳುವುದನ್ನು ಕಲಿಯಿತು ಅಂತ ಎಲ್ಲರೂ ಕೇಕೆ ಹಾಕಿದರು. ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಇವತ್ತು ಕವುಚಿಕೊಂಡದ್ದು ನಾಳೆ ಕೂರುತ್ತದೆ. ಸ್ವಲ್ಪ ನಿಧಾನವಾಗಿ ಬೆಳೆಯೇ ತಾಯಿ ಅಂತ ಯಾವ ಅಜ್ಜಿಯಾದರೂ ಹರಸುತ್ತಾಳೆಯೇ? ನಾನು ಹರಸಿದೆ.

ಡಾಕ್ಟರು 'ಇನ್ನು ಹಾಕಬಹುದು' ಅಂದ ಮಾರನೆಯ ಬೆಳಿಗ್ಗೆ ಮಣೆಯ ಮೇಲೆ ನಾನೇ ಹೋಗಿ ಕೂತೆ. ಅತ್ತಿಗೆ ಬಾಗಿಲಲ್ಲೇ ನಿಂತರು.

'ಕೈ ಸೋಲ್ತದೆ ಕಣಮ್ಮಿ. ಬುಡು, ನಾನೇ ಆಕ್ತೀನಿ.'

'ಬುಟ್ರೆ ತಾನೇ ನೀನಾಕದು? ಮಗಾ ಕೊಡತ್ತಿಗೆ.'

ಕಾಲ ಮೇಲೆ ಮಲಗಿಸಿದ ತಕ್ಷಣ ಕೂಸು ಕಿಟಾರನೆ ಕಿರುಚಿತು. ಹೊಸ ಕಾಲು, ಹೊಸ ಕೈ. ಎಣ್ಣೆ ಹಚ್ಚಿ ಎದೆ ನೀವಿದೆ. ಎರಡು ಪುಟ್ಟ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ತಂದು, ಬಿಡಿಸಿ, ಮತ್ತೆ ತಂದೆ. ಅಳು ಸಣ್ಣದಾಯಿತು. ಮೊದಲ ಚೊಂಬು ಎತ್ತಿದಾಗ ಭುಜದೊಳಗೆ ಚುಳ್ಳೆಂದಿತು. ನೀರು ಮಾತ್ರ ಒಂದೇ ಧಾರೆಯಾಗಿ ಇಳಿಯಿತು. ಕೂಸು ಅಳು ನಿಲ್ಲಿಸಿ, ಬಾಯಿ ತೆರೆದುಕೊಂಡು ನನ್ನ ಮುಖವನ್ನೇ ನೋಡಿತು. ಹುಟ್ಟಿದ ಮೇಲೆ ಅದೇ ಮೊದಲ ಸಲ, ನೆಟ್ಟ ನೋಟದಲ್ಲಿ. ಎಷ್ಟು ಚೊಂಬು ಹೊಯ್ದೆನೋ ತಿಳಿಯದು. ಹಂಡೆ ಬರಿದಾದ ಮೇಲೆ ಅತ್ತಿಗೆ, 'ಸಾಕು ಕಣೆ, ಸೀಗೇಕಾಯಿ ಸ್ನಾನ ಅಲ್ಲ ಇದು' ಅಂದು ಮೂಗು ಒರೆಸಿಕೊಂಡರು.

ಆ ವಾರ ಕೊನೆಯ ಸಲ ತೋರಿಸಿಕೊಳ್ಳಲು ಒಬ್ಬಳೇ ಬಸ್ಸು ಹತ್ತಿದೆ. ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿ ರೋಗಿಗಳೆಲ್ಲ ಮುಗಿದಿದ್ದರು. ಡಾಕ್ಟರು ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ತಿನ್ನುತ್ತಿದ್ದರು. 'ಹಾಕಿದ್ರಾ?' ಅಂದರು.

'ಆಕ್ದೆ ಡಾಕ್ಟ್ರೇ.'

'ಪೂರ್ತಿ ಹೇಳಿ. ಮೊದಲಿಂದ.'

ನನಗೆ ಅಷ್ಟೇ ಸಾಕಿತ್ತಲ್ಲ! ಎಣ್ಣೆ ಎಷ್ಟು ಬಿಸಿ ಇರಬೇಕು, ಕಣ್ಣಿಗೆ ನೀರು ಬೀಳದ ಹಾಗೆ ಹಣೆಗೆ ಕೈ ಹೇಗೆ ಅಡ್ಡ ಇಡಬೇಕು, ಕೈ ಕಾಲು ಹೇಗೆ ನೀವಬೇಕು, ಮಿಂದ ಮೇಲೆ ಕೂಸು ಹೇಗೆ ಮೈಮರೆತು ಮಲಗುತ್ತದೆ, ಎಲ್ಲಾ ಹೇಳಿದೆ. ಅವರು ಊಟ ಬಿಟ್ಟು ಕೇಳಿದರು. ಅಂದು ಮಾತ್ರ ನನ್ನ ಭುಜ ನೋಡದೆ ಮುಖ ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ ಎದ್ದು ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ನಿಂತರು.

'ಅಮ್ಮಾ, ನಾನು ಅನಾಥಾಶ್ರಮದಲ್ಲಿ ಬೆಳೆದವನು. ಎಷ್ಟು ದಿನದ ಕೂಸಾಗಿದ್ದಾಗ ಅಲ್ಲಿಗೆ ಬಂದೆ ಅಂತ ಅವರಿಗೂ ಗೊತ್ತಿರಲಿಲ್ಲ. ಅಂಥ ಕಡೆ... ನನಗೂ ಯಾರಾದ್ರೂ ಹೀಗೆ ನೀರು ಹಾಕಿರ್ತಾರಾ?'

ನಾನು ನೋಡಿದ್ದೇನೆಯೇ, ಕೇಳಿದ್ದೇನೆಯೇ? ಹತ್ತಿರ ಹೋದೆ. ಅವರು ಬಹಳ ಉದ್ದ. ಬಲಗೈಯನ್ನು ಮೇಲೆ, ಇನ್ನೂ ಮೇಲೆ ಎತ್ತಿ ಅವರ ಭುಜದ ಮೇಲಿಟ್ಟೆ. ಅಲ್ಲಿಂದ ಮೊಣಕೈಯವರೆಗೆ ಮೆಲ್ಲಗೆ ನೀವಿದೆ. ಎರಡೂ ಕೈ ಹಿಡಿದು, ಕೂಸಿಗೆ ಮಾಡುವ ಹಾಗೆ, ಎದೆಯ ಮೇಲೆ ಅಡ್ಡಡ್ಡ ತಂದೆ. ಸುಮ್ಮನೆ ಬಿಟ್ಟುಕೊಟ್ಟರು.

'ಆಕವ್ರೆ ಕಣಪ್ಪ' ಅಂದೆ. 'ಯಾವಳೋ ಪುಣ್ಯಾತ್ಗಿತ್ತಿ ಚೆಂದಾಗಿ ಎಣ್ಣೆ ನೀವಿ ನೀರಾಕವ್ಳೆ. ಇಲ್ದೆ ಓದ್ರೆ ಕೈ ಇಷ್ಟು ಸಲೀಸಾಗಿ ಬತ್ತಿರ್ನಿಲ್ಲ.'

ಭುಜದ ವಿಷಯ ನನಗಿಂತ ಅವರಿಗೆ ಸಾವಿರ ಪಾಲು ಗೊತ್ತು. ಎದುರಾಡಲಿಲ್ಲ. ನಾನು ಕೈ ಬಿಟ್ಟ ಮೇಲೂ ಸ್ವಲ್ಪ ಹೊತ್ತು, ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಹಾಗೆಯೇ ನಿಂತಿದ್ದರು.